ಒಂದು ಗಂಟೆ ಅಂದರೆ ನಿಲ್ಲು

ಡಿಸೆಂಬರಿನಲ್ಲಿ ಕೆಜಿಎಫ್‌ನ ಚಳಿ ಹೇಗಿರುತ್ತದೆಂದು ಇಲ್ಲಿ ಹುಟ್ಟಿದವರಿಗೇ ಗೊತ್ತು. ಸಂಜೆ ಏಳಾಗುತ್ತಲೇ ಚಿನ್ನದ ಗಣಿಯ ಸಯನೈಡ್ ದಿಬ್ಬದ ಕಡೆಯಿಂದ ಗಾಳಿ ಏಳುತ್ತದೆ, ಆಮೇಲೆ ಶಾಲು ಹೊದ್ದರೂ ಬೆನ್ನು ಬೆಚ್ಚಗಾಗುವುದಿಲ್ಲ. ಮನೆ ಮುಂದೆ ನೀಲಗಿರಿ ಪುರಳೆ ಒಟ್ಟಿ ಬೆಂಕಿ ಹಾಕಿಕೊಂಡು ಕೂರುವುದು ನಮ್ಮಲ್ಲಿ ಅಪ್ಪನ ಕಾಲದಿಂದ ನಡೆದು ಬಂದದ್ದು. ಮೊನ್ನೆ ಹಾಗೆ ಕೂತಿದ್ದಾಗ ತಂಗಿಯ ಮಗ ಕೇಳಿದ: "ಮಾವ, ಅಟ್ಟದ ಮೇಲೆ ಗೋಣಿಚೀಲ ಮುಚ್ಚಿ ಇಟ್ಟಿದ್ದೀರಲ್ಲ, ಆ ಉದ್ದನೆ ಪೆಟ್ಟಿಗೆ ಏನು?"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಅಂದಳು, "ಅದು ಅಜ್ಜನ ಗಂಟೆ."

ಅದು ಅಜ್ಜನದಲ್ಲ, ನಾನು ಕಟ್ಟಿದ ಪಿನ್‌ಬಾಲ್ ಯಂತ್ರ. ಆದರೆ ತಂಗಿ ಅಂದದ್ದೂ ಸುಳ್ಳಲ್ಲ. ಆ ರಾತ್ರಿ ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ನಡುನಡುವೆ ತಂಗಿ ಬಾಯಿ ಹಾಕಿ ತಿದ್ದಿದ್ದನ್ನೂ ಸೇರಿಸಿ.

1988. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದಿತ್ತು. ಚಿಕ್ಕಪ್ಪ ನನ್ನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಬ್ರಿಗೇಡ್ ರಸ್ತೆಯ ಪಕ್ಕದ ಒಂದು ಗೇಮ್ ಪಾರ್ಲರಿನಲ್ಲಿ, ಬಣ್ಣಬಣ್ಣದ ಟೀವಿ ಆಟಗಳ ಹಿಂದೆ ಮೂಲೆಯಲ್ಲಿ, ಕಾಲು ಮುರಿದ ಒಂದು ಪಿನ್‌ಬಾಲ್ ಯಂತ್ರವಿತ್ತು. ಎಲ್ಲರೂ ಟೀವಿ ಆಟಗಳ ಮುಂದೆ ಸೇರಿದ್ದರು. ನಾನು ಮಾತ್ರ ಗಾಜಿನ ಮೇಲೆ ಹಣೆಯಿಟ್ಟು ನಿಂತುಬಿಟ್ಟೆ. ಟೀವಿಯ ಆಟದಲ್ಲಿ ಚೆಂಡು ಅಂದರೆ ಬೆಳಕಿನ ಚುಕ್ಕೆ. ಇಲ್ಲಿ ನಿಜವಾದ ಉಕ್ಕಿನ ಗುಂಡು ಉರುಳುತ್ತಿತ್ತು, ಸದ್ದು ಮಾಡುತ್ತಿತ್ತು, ರಬ್ಬರಿಗೆ ಬಡಿದು ಹಾರುತ್ತಿತ್ತು. ಕೆಳಗೆ ಬೀಳುವಷ್ಟರಲ್ಲಿ ಎರಡು ಪುಟ್ಟ ಕೈಗಳು ಅದನ್ನು ಮೇಲಕ್ಕೆ ಹೊಡೆದು ಕಳಿಸುತ್ತಿದ್ದವು. ಚಿಕ್ಕಪ್ಪ ಕೊಟ್ಟ ಕಾಸಿಗೆ ಮೂರು ಗುಂಡು ಬಂತು, ಎರಡು ನಿಮಿಷದಲ್ಲಿ ಮೂರೂ ಹೋದವು. ಮಾರಿಕುಪ್ಪಮ್ ಪ್ಯಾಸೆಂಜರಿನಲ್ಲಿ ಊರಿಗೆ ಬರುವಾಗ ದಾರಿಯುದ್ದಕ್ಕೂ ನನ್ನ ಎರಡೂ ತೋರುಬೆರಳು ತೊಡೆಯ ಮೇಲೆ ಕುಣಿಯುತ್ತಲೇ ಇದ್ದವು.

ಯಂತ್ರದ ಒಳಗೆ ಏನಿದೆ ಎಂದು ನನಗೆ ಗೊತ್ತಿರಲಿಲ್ಲ, ಮೇಲಿನದು ಮಾತ್ರ ಕಣ್ಣಲ್ಲಿ ಅಚ್ಚಾಗಿತ್ತು. ಮರುದಿನವೇ ಶುರುಮಾಡಿದೆ.

ಮೊದಲು ಮಾಡಿದ್ದು ಮೊಳೆಯ ಹಲಗೆ. ಆವಣಿ ಜಾತ್ರೆಯಲ್ಲಿ ಅಂಥದ್ದನ್ನು ನೋಡಿದ್ದೆ. ಮೇಲಿಂದ ಗೋಲಿ ಬಿಟ್ಟರೆ ಮೊಳೆಗಳ ನಡುವೆ ತಡವರಿಸಿಕೊಂಡು ಬಂದು ಯಾವುದೋ ಮನೆಯಲ್ಲಿ ಬೀಳುತ್ತದೆ. ಟೀ ಪುಡಿ ಬರುವ ಪೆಟ್ಟಿಗೆಯ ಪ್ಲೈವುಡ್ ತಂದು, ಇನ್ನೂರಕ್ಕೂ ಹೆಚ್ಚು ಮೊಳೆ ಹೊಡೆದೆ. ಅದನ್ನು ನೋಡಿ ಅಮ್ಮ ಒಲೆಯ ಮುಂದಿನಿಂದ ಎದ್ದು ಬಂದರು. "ಜೂಜಿನ ಹಲಗೆ ಮನೇಲಿ ಬೇಡ ಕಣೋ. ಸಂಬಳದ ದಿನ ಇದರ ಮುಂದೆ ಕೂತು ಎಷ್ಟು ಮನೆ ಹಾಳಾಯ್ತು ಅಂತ ನಂಗೊತ್ತು." ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಮೊಳೆಯ ಹಲಗೆಯಲ್ಲಿ ಗೋಲಿ ಬಿಟ್ಟ ಮೇಲೆ ಆಡುವವನ ಕೈಯಲ್ಲಿ ಏನೂ ಉಳಿಯುವುದಿಲ್ಲ, ಅದು ಅದೃಷ್ಟ. ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ, ನ್ಯೂಯಾರ್ಕ್ ನಗರವೂ ಇದೇ ಕಾರಣಕ್ಕೆ 1942ರಲ್ಲಿ ಪಿನ್‌ಬಾಲನ್ನು ನಿಷೇಧಿಸಿತ್ತು, ಪೊಲೀಸರು ಯಂತ್ರಗಳನ್ನು ಸುತ್ತಿಗೆಯಿಂದ ಒಡೆದಿದ್ದರು. ನಿಷೇಧ ಹೋದದ್ದು 1976ರಲ್ಲಿ. ರೋಜರ್ ಶಾರ್ಪ್ ಎಂಬ ಆಟಗಾರ ನಗರಸಭೆಯವರ ಎದುರು ಗುಂಡು ಯಾವ ದಾರಿಯಲ್ಲಿ ಹೋಗುತ್ತದೆಂದು ಮೊದಲೇ ಹೇಳಿ, ಹಾಗೆಯೇ ಕಳಿಸಿ, ಇದು ಕೈಚಳಕದ ಆಟ ಎಂದು ತೋರಿಸಿದ. ನಮ್ಮ ಅಮ್ಮನಿಗೂ ಬೇಕಾಗಿದ್ದದ್ದು ಅಂಥದ್ದೇ ಒಂದು ಸಾಕ್ಷಿ.

ಆ ಸಾಕ್ಷಿ ಅಂದರೆ ಗುಂಡನ್ನು ವಾಪಸ್ಸು ಹೊಡೆಯುವ ಕೈ, ಫ್ಲಿಪರ್. ಅದು ಬರುವುದಕ್ಕೆ ಅಮೆರಿಕದಲ್ಲೇ ಬಹಳ ಕಾಲ ಹಿಡಿಯಿತು. ಸ್ಪ್ರಿಂಗಿನಿಂದ ಗುಂಡು ಚಿಮ್ಮಿಸುವ ಉಪಾಯಕ್ಕೆ ಮಾಂಟೇಗ್ ರೆಡ್‌ಗ್ರೇವ್ ಎಂಬಾತ ಪೇಟೆಂಟ್ ಪಡೆದದ್ದು 1871ರಲ್ಲಿ. ಮನೆಮಾತಾದ 'ಬ್ಯಾಫಲ್ ಬಾಲ್' ಬಂದದ್ದು 1931ರಲ್ಲಿ, ಅದರಲ್ಲೂ ಬರೀ ಮೊಳೆಗಳೇ. ಫ್ಲಿಪರ್ ಇರುವ ಮೊದಲ ಯಂತ್ರ 'ಹಂಪ್ಟಿ ಡಂಪ್ಟಿ' 1947ರದು. ಇದೊಂದೂ ಗೊತ್ತಿಲ್ಲದೆ ನಾನು ಆ ದಾರಿಯನ್ನೇ ಒಂದು ಬೇಸಿಗೆ ರಜೆಯಲ್ಲಿ ನಡೆಯುತ್ತಿದ್ದೆ. ಮೊದಲು ಮೊಳೆ, ಆಮೇಲೆ ಸ್ಪ್ರಿಂಗು, ಕೊನೆಗೆ ಕೈ.

ಟೀ ಪೆಟ್ಟಿಗೆಯ ಹಲಗೆ ಒಂದೇ ಮಳೆಗೆ ಬಾಗಿಹೋಯಿತು. ರಾಬರ್ಟ್‌ಸನ್‌ಪೇಟೆಯಿಂದ ಅರ್ಧ ಇಂಚಿನ ಪ್ಲೈವುಡ್ ತಂದೆ, 42 ಇಂಚು ಉದ್ದ, 20 ಇಂಚು ಅಗಲ. ಗುಂಡು ಚಿಮ್ಮಿಸಲು ಬಾಗಿಲಿನ ಟವರ್ ಬೋಲ್ಟು, ಅದರ ಹಿಂದೆ ಸೈಕಲ್ ಕ್ಯಾರಿಯರಿನ ಸ್ಪ್ರಿಂಗು. ರಬ್ಬರಿಗೆ ಹಳೆಯ ಸೈಕಲ್ ಟ್ಯೂಬನ್ನು ಬಳೆಯಂತೆ ಕತ್ತರಿಸಿ ಮೊಳೆಗಳ ಸುತ್ತ ಎಳೆದು ಕಟ್ಟಿದೆ. ಗಾಜಿನ ಗೋಲಿಗೆ ತೂಕವೇ ಇರಲಿಲ್ಲ, ರಬ್ಬರಿಗೆ ತಾಗಿದರೆ ನಾಚಿಕೊಂಡಂತೆ ನಿಂತುಬಿಡುತ್ತಿತ್ತು. ಬಂಗಾರಪೇಟೆಯ ಲಾರಿ ಗ್ಯಾರೇಜಿನವರೊಬ್ಬರು ಒಡೆದ ಬೇರಿಂಗಿನಿಂದ ಒಂದಿಂಚಿನ ಗುಂಡು ತೆಗೆದುಕೊಟ್ಟರು. ಬರುವ ದಾರಿಯಲ್ಲಿ ಪರಿಚಯದ ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಐದೂಮುಕ್ಕಾಲು ತೊಲ. "ಚಿನ್ನವಾಗಿದ್ದಿದ್ದರೆ ನಿಮ್ಮಪ್ಪ ನಾಳೆಯೇ ರಿಟೈರ್ ಆಗಬಹುದಿತ್ತು," ಅಂದರು ಅಂಗಡಿಯವರು, ಗುಂಡನ್ನು ನನ್ನ ಅಂಗೈಗೆ ವಾಪಸ್ಸು ಇಡುತ್ತಾ. ಗಣಿ ಊರಿನಲ್ಲಿ ಹುಟ್ಟಿಯೂ ಐದು ತೊಲ ತೂಕ ಅಂಗೈಯಲ್ಲಿ ಹೇಗಿರುತ್ತದೆಂದು ನನಗೆ ತಿಳಿದದ್ದು ಆವತ್ತೇ.

ಹಲಗೆಯ ಇಳಿಜಾರು ಎಷ್ಟಿರಬೇಕು? ಮಟ್ಟವಾಗಿಟ್ಟರೆ ಗುಂಡು ನಿಲ್ಲುತ್ತದೆ, ಹೆಚ್ಚು ಎತ್ತಿದರೆ ಕಲ್ಲು ಬಿದ್ದಂತೆ ಬೀಳುತ್ತದೆ. ಅಪ್ಪ ರಸಮಟ್ಟ ತಂದು, ಮೊದಲು ನೆಲದ ಓರೆ ನೋಡಿ, ಹಲಗೆಯ ತಲೆಯ ಕೆಳಗೆ ಒಂದೊಂದೇ ಚಕ್ಕೆ ಸೇರಿಸುತ್ತಾ ಹೋದರು. ಕೊನೆಗೆ ಒಂದು ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿದಷ್ಟು ಎತ್ತರ, ನಾಲ್ಕೂವರೆ ಇಂಚು, ಸರಿಹೋಯಿತು. ಕಾರ್ಖಾನೆಯ ಯಂತ್ರಗಳಿಗೆ ಆರೂವರೆ ಡಿಗ್ರಿ ಓರೆ ಕೊಡುವುದು ವಾಡಿಕೆ ಎಂದು ಮುಂದೊಮ್ಮೆ ಓದಿ ಲೆಕ್ಕ ಹಾಕಿದೆ. ಅಪ್ಪನ ಇಟ್ಟಿಗೆ ಆರು ಡಿಗ್ರಿ ದಾಟಿತ್ತು.

ಅಪ್ಪನ ಕೆಲಸ ಏನೆಂದು ಇಲ್ಲಿ ಹೇಳಿಬಿಡಬೇಕು. ಅವರು ವೈಂಡಿಂಗ್ ಎಂಜಿನ್ ಡ್ರೈವರ್. ಶಾಫ್ಟಿನ ಬಾಯಿಯಿಂದ ದೂರದಲ್ಲಿ ಒಂದು ದೊಡ್ಡ ಕೋಣೆ. ಅಲ್ಲಿ ಮನೆಯಷ್ಟು ದೊಡ್ಡ ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿಕೊಳ್ಳುತ್ತದೆ, ಬಿಚ್ಚಿಕೊಳ್ಳುತ್ತದೆ. ಹಗ್ಗದ ಆ ತುದಿಯಲ್ಲಿ ಕೇಜು, ಕೇಜಿನಲ್ಲಿ ಜನ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಆ ಕಾಲಕ್ಕೆ ಲೋಕದ ಅತಿ ಆಳದ ಗಣಿಗಳಲ್ಲೊಂದು. ಡ್ರೈವರಿಗೆ ಕೇಜು ಕಾಣುವುದಿಲ್ಲ, ಜನ ಕಾಣುವುದಿಲ್ಲ. ಎದುರಿಗೆ ಆಳ ತೋರಿಸುವ ಮುಳ್ಳು, ಕಿವಿಗೆ ಗಂಟೆ, ಅಷ್ಟೇ. ಕೇಜು ಓಡುವಾಗ ಒಂದು ಗಂಟೆ ಅಂದರೆ ನಿಲ್ಲು. ಎರಡು ಅಂದರೆ ಇಳಿಸು. ಮೂರು ಅಂದರೆ ಕೇಜಿಗೆ ಜನ ಹತ್ತುತ್ತಿದ್ದಾರೆ. ಅಪ್ಪನ ಬಾಯಿಂದ ನಾನು ಎಷ್ಟೋ ಸಲ ಕೇಳಿದ ಮಾತು: "ಎತ್ತೋದು ಮೋಟರ್ ಕೆಲಸ. ಹಿಡಿದು ನಿಲ್ಲಿಸೋದು ನನ್ನ ಕೆಲಸ."

ಆ ಮಾತು ನನ್ನ ಯಂತ್ರಕ್ಕೂ ತಾಗುತ್ತದೆಂದು ಆಗ ಹೊಳೆದಿರಲಿಲ್ಲ.

ಮೊದಲ ಫ್ಲಿಪರುಗಳನ್ನು ಸೈಕಲ್ ಬ್ರೇಕಿನ ವೈರಿನಿಂದ ಮಾಡಿದ್ದೆ. ಪಕ್ಕದಲ್ಲಿ ಬ್ರೇಕ್ ಹಿಡಿ, ಹಿಸುಕಿದರೆ ಮರದ ಕೈ ಏಳುತ್ತದೆ. ಏಳುತ್ತಿತ್ತು, ಆದರೆ ಹೊಡೆಯುತ್ತಿರಲಿಲ್ಲ. ಗುಂಡನ್ನು ಮೆಲ್ಲಗೆ ಪಕ್ಕಕ್ಕೆ ದೂಡುತ್ತಿತ್ತು. ಬೆಂಗಳೂರಿನ ಯಂತ್ರದಲ್ಲಿ 'ಟಕ್' ಎನ್ನುವಷ್ಟರಲ್ಲಿ ಗುಂಡು ಮೇಲಿನ ಗೋಡೆಗೆ ಬಡಿದಿರುತ್ತಿತ್ತು. ಅದು ಕರೆಂಟಿನ ಕೆಲಸವೇ ಸರಿ ಎಂದುಕೊಂಡೆ. ಕರೆಂಟಿನ ಮಾತೆತ್ತಿದ್ದಕ್ಕೆ ಅಪ್ಪ ಒಂದೇ ಷರತ್ತು ಹಾಕಿದರು: ಗೋಡೆಯ ಪ್ಲಗ್ಗಿಗೆ ನಾನು ನೇರ ಕೈ ಹಾಕಕೂಡದು, ಮೊದಲು ತಿಳಿದವರ ಹತ್ತಿರ ಕೇಳಿಕೊಂಡು ಬರಬೇಕು. ನಮ್ಮೂರಿಗೆ ಕರೆಂಟ್ ಹೊಸದಲ್ಲ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ಕೊಟ್ಟದ್ದು 1902ರ ಜೂನ್ 30ರಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾಗಿ ಮೂರು ವರ್ಷಕ್ಕೆ. ಅಷ್ಟು ಹಳೆಯ ಪರಿಚಯದಿಂದಲೇ ನಮ್ಮ ಊರಿನ ಹಿರಿಯರಿಗೆ ಕರೆಂಟಿನ ಮೇಲೆ ಅಷ್ಟು ಗೌರವ.

ತಿಳಿದವರು ಬಂಗಾರಪೇಟೆಯಲ್ಲಿದ್ದರು. ಸ್ಟೇಷನ್ನಿನಿಂದ ಹೊರಬಂದು ಸ್ವಲ್ಪ ನಡೆದರೆ ಒಂದು ಮೋಟಾರ್ ವೈಂಡಿಂಗ್ ಅಂಗಡಿ. ಕೋಲಾರ ಸೀಮೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್ಲೇ ಗತಿ, ಬೋರ್‌ವೆಲ್ ಅಂದಮೇಲೆ ಪಂಪ್‌ಸೆಟ್ಟಿನ ಮೋಟಾರು ಸುಡುವುದು ಇದ್ದದ್ದೇ. ಅಂಗಡಿಯ ಮುಂದೆ ಸುತ್ತ ಹಳ್ಳಿಗಳಿಂದ ಎತ್ತಿನ ಗಾಡಿಯಲ್ಲಿ ಬಂದ ಮೋಟಾರುಗಳು ಸಾಲಾಗಿ ಕೂತಿರುತ್ತಿದ್ದವು. ಒಳಗೆ ವಾರ್ನಿಷ್ ವಾಸನೆ, ತಾಮ್ರದ ತಂತಿಯ ಉಂಡೆಗಳು. ಅದರ ಯಜಮಾನರನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ರೈತರೊಡನೆ ತೆಲುಗು, ರೈಲಿನವರೊಡನೆ ತಮಿಳು, ನನ್ನೊಡನೆ ಕನ್ನಡ. ಅಪ್ಪನ ಕೆಲಸ ಕೇಳಿ ಅಂದರು: "ಅವರದೂ ವೈಂಡಿಂಗೇ, ನಮ್ಮದೂ ವೈಂಡಿಂಗೇ. ಅವರು ಸುತ್ತೋದರಲ್ಲಿ ಜನ ಇರ್ತಾರೆ, ನಾವು ಸುತ್ತೋದರಲ್ಲಿ ನೀರಿರುತ್ತೆ. ಕೂತ್ಕೊ ಮಗ."

ಅವರು ಅರ್ಧ ಬೆಲೆಗೆ ಒಂದು ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟರು, 230 ವೋಲ್ಟನ್ನು 24ಕ್ಕೆ ಇಳಿಸುವಂಥದ್ದು. ಬ್ಯಾಟರಿ ಚಾರ್ಜ್ ಮಾಡುವವರು ಬಳಸುವ ದಪ್ಪ ಡಯೋಡು ನಾಲ್ಕು, ಒಂದು ಫ್ಯೂಸು. ಕಾಯಿಲ್ ಮಾತ್ರ ನಾನೇ ಸುತ್ತಬೇಕು ಅಂದರು. ಹಿತ್ತಾಳೆ ಕೊಳವೆಯ ಮೇಲೆ ಇನ್ಸುಲೇಷನ್ ಪೇಪರ್ ಹಾಕಿ, 22 ಗೇಜ್ ತಂತಿಯನ್ನು ಮನೆಯಲ್ಲಿ ಕೂತು ಎಣಿಸಿ ಎಣಿಸಿ ಸುತ್ತಿದೆ. ಒಳಗೆ ಸಲೀಸಾಗಿ ಜಾರುವ ಕಬ್ಬಿಣದ ಕಂಬಿ. ಕರೆಂಟ್ ಕೊಟ್ಟಾಗ ಕಂಬಿಯನ್ನು ಒಳಗೆ ಸೆಳೆಯುತ್ತದೆ, ಕಂಬಿಗೆ ಕಟ್ಟಿದ ಫ್ಲಿಪರ್ ಎದ್ದು ಹೊಡೆಯುತ್ತದೆ.

ಮೊದಲ ಸಲ ಗುಂಡಿ ಒತ್ತಿದಾಗ ಗುಂಡು ಹಲಗೆ ಬಿಟ್ಟು ಹಾರಿ ಅಮ್ಮನ ಅಕ್ಕಿ ಡಬ್ಬಕ್ಕೆ ಬಡಿಯಿತು. ಆ ಸದ್ದು ಈಗಲೂ ಕಿವಿಯಲ್ಲಿದೆ. ತಂಗಿ ಚಪ್ಪಾಳೆ ತಟ್ಟಿದಳು. ಫ್ಲಿಪರನ್ನು ಮೇಲೇ ಹಿಡಿದಿಟ್ಟು, ಗುಂಡನ್ನು ಅದರ ತೊಡೆಯ ಮೇಲೆ ಕೂರಿಸಿಕೊಂಡು, ಗುರಿ ನೋಡಿ ಬಿಡುವುದನ್ನು ಬೆಂಗಳೂರಿನಲ್ಲಿ ಒಬ್ಬರು ಮಾಡಿದ್ದನ್ನು ಕಂಡಿದ್ದೆ. ನಾನೂ ಗುಂಡಿ ಒತ್ತಿ ಹಿಡಿದೆ. ಇಪ್ಪತ್ತು ಎಣಿಸುವಷ್ಟರಲ್ಲಿ ಹಲಗೆಯ ಕೆಳಗಿನಿಂದ ನೀಲಿ ಹೊಗೆ ಎದ್ದಿತು. ಮೂರು ಸಂಜೆಯ ಕೆಲಸ ಕರಕಲಾಗಿತ್ತು.

ಸುಟ್ಟ ಕಾಯಿಲನ್ನು ಕಾಗದದಲ್ಲಿ ಸುತ್ತಿಕೊಂಡು ಮತ್ತೆ ರೈಲು ಹತ್ತಿದೆ. ಚಾಂಪಿಯನ್, ಊರಿಗಾಂ, ಕೋರಮಂಡಲ್ ಒಂದೊಂದೇ ಹಿಂದಾಗುವಾಗ ಅಳು ಬರುವಂತಿತ್ತು. ಬಂಗಾರಪೇಟೆಯ ಆ ಬದಿಯ ಪ್ಲಾಟ್‌ಫಾರಮ್ಮಿನಲ್ಲಿ ಕೋಲಾರಕ್ಕೆ ಹೋಗುವ ಪುಟ್ಟ ಗೇಜಿನ ರೈಲು ನಿಂತಿತ್ತು, ಬೇರೆ ದಿನವಾಗಿದ್ದರೆ ಅದನ್ನೇ ನೋಡುತ್ತಾ ನಿಲ್ಲುತ್ತಿದ್ದೆ.

ಮೇಸ್ತ್ರಿ ಕಾಯಿಲನ್ನು ಮೂಸಿ ನೋಡಿದರು. ಬೈಯಲಿಲ್ಲ. ಮೂಲೆಯಿಂದ ಲಾರಿಯ ಸೆಲ್ಫ್ ಸ್ಟಾರ್ಟರಿನ ಸೊಲೆನಾಯ್ಡ್ ಒಂದನ್ನು ತಂದು, ಗರಗಸದಿಂದ ಕೊಯ್ದು ಒಳಗು ತೋರಿಸಿದರು. ಒಂದೇ ಕೊಳವೆಯ ಮೇಲೆ ಎರಡು ಸುತ್ತು, ಒಂದು ದಪ್ಪ ತಂತಿ, ಒಂದು ತೆಳು ತಂತಿ.

"ನೋಡು. ಎಳೆಯೋಕೆ ಒಂದು, ಹಿಡಿಯೋಕೆ ಒಂದು. ಕಬ್ಬಿಣ ದೂರದಲ್ಲಿರುವಾಗ ಜೋರಾಗಿ ಎಳೀಬೇಕು. ಹತ್ತಿರ ಬಂದು ಅಂಟಿಕೊಂಡ ಮೇಲೆ ಬಿಡದೆ ಇದ್ರೆ ಸಾಕು, ಅದಕ್ಕೆ ಎಷ್ಟು ಬೇಕು? ನೀನು ಎಳೆಯೋ ಕರೆಂಟನ್ನೇ ಹಿಡಿಯೋಕೂ ಕೊಟ್ಟಿದ್ದೀಯ. ಸುಡದೆ ಏನು ಮಾಡುತ್ತೆ?"

ನನಗೆ ಅಪ್ಪನ ಮಾತು ನೆನಪಾಯಿತು. ಎತ್ತುವುದು ಬೇರೆ, ಹಿಡಿಯುವುದು ಬೇರೆ.

ಅಮೆರಿಕದ ಪಿನ್‌ಬಾಲ್ ಕಂಪನಿಗಳೂ ಫ್ಲಿಪರಿಗೆ ಈ ಎರಡು ಸುತ್ತಿನ ಉಪಾಯವನ್ನೇ ಬಳಸಿದ್ದವು. ಅದು ನಮಗಿಬ್ಬರಿಗೂ ಗೊತ್ತಿರಲಿಲ್ಲ, ಲಾರಿಯಿಂದಲೇ ನಾವು ಕಲಿತದ್ದು. ದಪ್ಪ ಸುತ್ತಿನ ಹಿಂದೆ ತೆಳು ತಂತಿಯ ಸಾವಿರಾರು ಸುತ್ತು. ಫ್ಲಿಪರ್ ಕೆಳಗಿರುವಾಗ ಒಂದು ಕಾಂಟ್ಯಾಕ್ಟು ತೆಳು ಸುತ್ತನ್ನು ದಾಟಿಸಿ, ಎಲ್ಲ ಕರೆಂಟನ್ನೂ ದಪ್ಪ ತಂತಿಗೇ ಕೊಡುತ್ತದೆ. ಫ್ಲಿಪರ್ ಪೂರ್ತಿ ಎದ್ದ ಕ್ಷಣ ಅದೇ ಕಾಂಟ್ಯಾಕ್ಟನ್ನು ತಳ್ಳಿ ತೆರೆಯುತ್ತದೆ. ಆಗ ಕರೆಂಟು ತೆಳು ತಂತಿಯ ಮೂಲಕವೂ ಹಾಯಬೇಕು, ತಾನೇ ಇಳಿದುಬಿಡುತ್ತದೆ. ಮೀಟರಿನಲ್ಲಿ ನೋಡಿದೆವು. ಆರು ಆಂಪಿಯರಿನ ಹತ್ತಿರವಿದ್ದ ಮುಳ್ಳು ಕಾಲು ಆಂಪಿಯರಿಗೂ ಕೆಳಗೆ ಬಂದು ನಿಂತಿತು. ಆ ಕಾಂಟ್ಯಾಕ್ಟಿಗೆ ಏನು ಮಾಡುವುದೆಂದು ಒಂದು ವಾರ ತಲೆ ಕೆಡಿಸಿಕೊಂಡೆ. ಹಿತ್ತಾಳೆ ಪಟ್ಟಿ, ಟಾರ್ಚಿನ ತಗಡು, ಎಲ್ಲವೂ ಕಿಡಿ ಹಾರಿ ಕಪ್ಪಾಗುತ್ತಿದ್ದವು. ಕೊನೆಗೆ ಮೇಸ್ತ್ರಿಯ ಮಗನೇ ದಾರಿ ತೋರಿಸಿದ್ದು, ನನ್ನ ವಯಸ್ಸಿನವನು. ಸ್ಕೂಟರಿನ ಪಾಯಿಂಟ್ ಸೆಟ್ಟು! ಅದು ಹುಟ್ಟಿರುವುದೇ ನಿಮಿಷಕ್ಕೆ ಸಾವಿರಾರು ಸಲ ತೆರೆದು ಮುಚ್ಚುವುದಕ್ಕೆ. ಅದರ ಜೊತೆಗೇ ಬರುವ ಕಂಡೆನ್ಸರನ್ನು ಅಡ್ಡ ಕಟ್ಟಿದರೆ ಕಿಡಿಯೂ ಸಾಯುತ್ತದೆ. ಎರಡು ಪಾಯಿಂಟ್ ಸೆಟ್ಟು, ಎರಡು ಕಂಡೆನ್ಸರು. ಅವತ್ತು ನಾವಿಬ್ಬರೂ ಸಂತೋಷಕ್ಕೆ ಪಾನಿಪುರಿ ತಿಂದೆವು, ಬಂಗಾರಪೇಟೆಯ ಆ ತಿಳಿನೀರಿನ ಪಾನಿಪುರಿ.

ಅಂಕ ಎಣಿಸುವ ಯಂತ್ರ ಮಾಡುವುದು ನನ್ನಿಂದಾಗಲಿಲ್ಲ. ಅದನ್ನು ತಂಗಿ ವಹಿಸಿಕೊಂಡಳು. ರಬ್ಬರಿಗೆ ಬಡಿದರೆ ಒಂದು, ಮೇಲಿನ ಗುಳಿಗೆ ಬಿದ್ದರೆ ಐದು, ಒಂದೊಂದಕ್ಕೂ ಹುಣಸೆ ಬೀಜ ತಟ್ಟೆಗೆ ಹಾಕುವಳು. ಅವಳ ಲೆಕ್ಕ ಒಂದು ದಿನವೂ ತಪ್ಪಿದ್ದು ನನಗೆ ನೆನಪಿಲ್ಲ. ಆಡುವುದರಲ್ಲೂ ಅವಳೇ ಮುಂದೆ. ಗುಂಡನ್ನು ಫ್ಲಿಪರಿನ ಮೇಲೆ ನಿಲ್ಲಿಸಿಕೊಂಡು, "ಐದರ ಗುಳಿ" ಎಂದು ಹೇಳಿ, ಐದರ ಗುಳಿಗೇ ಕಳಿಸುತ್ತಿದ್ದಳು. ಅದನ್ನು ನೋಡಿದ ಮೇಲೆ ಅಮ್ಮ ಜೂಜಿನ ಮಾತು ಎತ್ತಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡು ಅವರೊಬ್ಬರೇ ಆಡುತ್ತಿದ್ದುದನ್ನು ನಾನು ಕಿಟಕಿಯಿಂದ ಕಂಡು, ಸದ್ದು ಮಾಡದೆ ಹಿಂದೆ ಹೋದೆ.

ಸಾಲು ಮನೆಗಳ ಹುಡುಗರೆಲ್ಲ ಬರತೊಡಗಿದರು. ಬಂದವರು ಗುಂಡು ಬೀಳುವಾಗ ಮೊಣಕಾಲಿನಿಂದ ಪೆಟ್ಟಿಗೆಯನ್ನೇ ಗುದ್ದಿ ದಾರಿ ತಪ್ಪಿಸುತ್ತಿದ್ದರು. ಬೆಂಗಳೂರಿನ ಯಂತ್ರ ಹಾಗೆ ಅಲುಗಾಡಿಸಿದರೆ ಆಟವನ್ನೇ ನಿಲ್ಲಿಸಿಬಿಡುತ್ತಿತ್ತು. ಅದಕ್ಕೆ ಏನು ಮಾಡಿರುತ್ತಾರೆ ಎಂದು ಯೋಚಿಸಿದಾಗ ಗಾರೆ ಕೆಲಸದವರು ಗೋಡೆಯ ನೇರ ನೋಡುವ ತೂಕದ ಗುಂಡು ನೆನಪಾಯಿತು. ಪೆಟ್ಟಿಗೆಯೊಳಗೆ ಅಂಥದ್ದೊಂದನ್ನು ತಂತಿಯಲ್ಲಿ ತೂಗುಬಿಟ್ಟೆ. ಸುತ್ತ, ತಾಗದ ಹಾಗೆ, ಒಂದು ಹಿತ್ತಾಳೆ ಬಳೆ. ಪೆಟ್ಟಿಗೆ ಅಲುಗಿದರೆ ಗುಂಡು ಬಳೆಗೆ ತಾಗುತ್ತದೆ, ಎರಡು ಟಾರ್ಚ್ ಸೆಲ್ಲಿನ ಕರೆಂಟ್ ಹರಿದು ಗಂಟೆ ಹೊಡೆಯುತ್ತದೆ. ನಿಜವಾದ ಯಂತ್ರಗಳಲ್ಲೂ ಹೀಗೆಯೇ ಇರುತ್ತದೆ, ಇದೊಂದನ್ನು ನಾನು ಯಾರನ್ನೂ ಕೇಳದೆ ಕಂಡುಕೊಂಡೆ.

ಗಂಟೆ ಮಾತ್ರ ಮನೆ ಬಾಗಿಲಿನ ಗಂಟೆ, ಟ್ರಿಣ್ ಟ್ರಿಣ್ ಎಂದು ಬಡಿದುಕೊಳ್ಳುವಂಥದ್ದು. ನೈಟ್ ಶಿಫ್ಟ್ ಮುಗಿಸಿ ಬಂದ ಅಪ್ಪ ಅದನ್ನು ಕೇಳಿ ಹಾಸಿಗೆಯಿಂದ ಎದ್ದು ಬಂದರು. "ಇದು ಗಂಟೆನಾ? ಗಂಟೆ ಅಂದ್ರೆ ಎಣಿಸೋ ಹಾಗಿರಬೇಕು." ಸ್ಕ್ರೂಡ್ರೈವರ್ ತೆಗೆದುಕೊಂಡು, ಸುತ್ತಿಗೆಯನ್ನು ಮತ್ತೆ ಮತ್ತೆ ಬಿಡಿಸುವ ಆ ಪುಟ್ಟ ಕಾಂಟ್ಯಾಕ್ಟನ್ನು ದಾಟಿಸಿ, ತಂತಿಯನ್ನು ನೇರ ಕಾಯಿಲಿಗೆ ಕೊಟ್ಟರು. ಈಗ ಒಮ್ಮೆ ತಾಗಿದರೆ ಒಂದೇ ಪೆಟ್ಟು. ಟಣ್. ಶಾಫ್ಟಿನ ಗಂಟೆಗಳೂ ಹಾಗೆಯೇ. ಅಪ್ಪ ಪೆಟ್ಟಿಗೆಯನ್ನು ಒಮ್ಮೆ ಮೆಲ್ಲಗೆ ತಟ್ಟಿ, ಟಣ್ ಎಂದದ್ದನ್ನು ಕೇಳಿ, "ಒಂದು ಗಂಟೆ ಅಂದ್ರೆ?" ಅಂದರು. ಹುಡುಗರೆಲ್ಲ ಒಟ್ಟಿಗೆ ಕೂಗಿದರು, "ನಿಲ್ಲು!" ಗಣಿಯ ಮನೆಯ ಮಕ್ಕಳಿಗೆ ಅದನ್ನು ಕಲಿಸಬೇಕಾಗಿರಲಿಲ್ಲ.

ಆ ವರ್ಷದ ಆಯುಧಪೂಜೆಗೆ ಅಪ್ಪ ವೈಂಡಿಂಗ್ ಕೋಣೆಯ ಪೂಜೆ ಮುಗಿಸಿ ಬಂದು, ಉಳಿದ ಕುಂಕುಮವನ್ನು ನನ್ನ ಯಂತ್ರದ ಹಣೆಗೂ ಇಟ್ಟರು.

ಇನ್ನು ಆ ರಾತ್ರಿಯ ಮಾತು. ಡಿಸೆಂಬರ್, ಇಂಥದ್ದೇ ಚಳಿ. ಅಪ್ಪನಿಗೆ ಅವತ್ತು ರಜೆ. ಬೆಂಕಿ ಆರಿಸಿ ಎಲ್ಲರೂ ಮಲಗಿದ್ದೆವು. ಎಷ್ಟು ಹೊತ್ತಾಗಿತ್ತೋ, ಕತ್ತಲಲ್ಲಿ ಗಂಟೆ ಹೊಡೆಯಿತು. ಟಣ್. ಯಂತ್ರದ ಹತ್ತಿರ ಯಾರೂ ಇರಲಿಲ್ಲ. ಮತ್ತೆ ಟಣ್. ಅದರ ಜೊತೆಗೇ ಅಟ್ಟದ ಪಾತ್ರೆಗಳು ಗಲಗಲ ಅಂದವು, ನೆಲದ ಒಳಗಿನಿಂದ ಒಂದು ಗುಡುಗು ಬಂದು ಮಂಚದ ಕಾಲಿನ ಮೂಲಕ ಬೆನ್ನಿಗೆ ತಾಗಿತು. ಮತ್ತೊಮ್ಮೆ ಟಣ್. ತಂಗಿ ಈಗಲೂ ಖಂಡಿತವಾಗಿ ಹೇಳುತ್ತಾಳೆ, ಮೂರು ಸಲ ಹೊಡೆಯಿತು ಎಂದು. ನನಗೆ ನಾಲ್ಕೆಂಬ ನೆನಪು. ಅಪ್ಪ ಎಷ್ಟು ಎಣಿಸಿದರೋ. ದೀಪ ಹಾಕಿದಾಗ ಅವರು ಆಗಲೇ ಎದ್ದು ನಿಂತಿದ್ದರು, ಬಲಗೈ ಮುಂದೆ ಚಾಚಿತ್ತು, ಇಲ್ಲದ ಬ್ರೇಕಿನ ಹಿಡಿಯನ್ನು ಹಿಡಿದಂತೆ.

ರಾಕ್ ಬರ್ಸ್ಟ್. ಆಳದಲ್ಲಿ ಬಂಡೆಯನ್ನು ತೆಗೆದು ಟೊಳ್ಳು ಮಾಡಿದಾಗ, ಮೇಲಿನ ಬೆಟ್ಟದ ಭಾರವೆಲ್ಲ ಉಳಿದ ಬಂಡೆಯ ಮೇಲೆ ಕೂರುತ್ತದೆ. ತಡೆಯುವಷ್ಟು ತಡೆದು ಅದು ಒಮ್ಮೆಲೇ ಸಿಡಿಯುತ್ತದೆ. ಮದ್ದಿಲ್ಲದೆ, ಮುನ್ಸೂಚನೆಯಿಲ್ಲದೆ. ಮನೆ ಅಲುಗುವುದು ನಮ್ಮ ಊರಿಗೆ ಹೊಸದಾಗಿರಲಿಲ್ಲ, ಗೋಡೆಯ ಬಿರುಕಿಗೆ ನಾವು ಗಾರೆ ಮೆತ್ತಿಕೊಂಡೇ ಬದುಕಿದ್ದೆವು. ಬಂಡೆಯ ಈ ಗುಣವನ್ನು ಅಭ್ಯಾಸ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು ನಮ್ಮ ಚಾಂಪಿಯನ್ ರೀಫ್‌ನಲ್ಲಿ ಶುರುವಾದದ್ದೂ ಆ ವರ್ಷವೇ.

ಅಪ್ಪ ಸ್ವೆಟರ್ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ನಾನೂ ಬೆನ್ನ ಹಿಂದೆ ಹೋದೆ. ಸಾಲಿನ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು. ಹೆಂಗಸರು ಸೆರಗು ಹೊದ್ದು ಬೀದಿಯಲ್ಲಿ ನಿಂತಿದ್ದರು. ಒಬ್ಬರೂ ಮಾತಾಡುತ್ತಿರಲಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆ, ಶಾಫ್ಟಿನ ಬಾಯಿಯ ಮೇಲೆ ನಿಂತ ಗೋಪುರದ, ಹೆಡ್‌ಗೇರಿನ, ತುದಿಯ ಚಕ್ರದ ಮೇಲೆ. ಆ ಚಕ್ರ ತಿರುಗಿದರೆ ಹಗ್ಗ ಓಡುತ್ತಿದೆ ಎಂದು ಅರ್ಥ. ಹಗ್ಗ ಓಡುತ್ತಿದ್ದರೆ ಕೆಳಗಿನಿಂದ ಯಾರೋ ಗಂಟೆ ಕೊಟ್ಟಿದ್ದಾರೆ. ಪಕ್ಕದ ಮನೆಯ ತಮಿಳು ಅಕ್ಕನ ಗಂಡ ಆ ಶಿಫ್ಟಿನಲ್ಲಿದ್ದ. ಅಮ್ಮ ಹೋಗಿ ಅವರ ಕೈ ಹಿಡಿದು ನಿಂತರು. ಚಕ್ರ ನಿಂತೇ ಇತ್ತು. ದೀಪದ ಬೆಳಕಿನಲ್ಲಿ ಅದರ ಒಂದೊಂದು ಕಡ್ಡಿಯೂ ಕಾಣುತ್ತಿತ್ತು, ನಾನು ಅವನ್ನು ಎಣಿಸಿದೆ, ಮತ್ತೆ ಎಣಿಸಿದೆ. ಆಮೇಲೆ ಎಣಿಸಲಾಗಲಿಲ್ಲ, ಏಕೆಂದರೆ ಅದು ತಿರುಗತೊಡಗಿತು.

ಅವತ್ತು ಎಲ್ಲರೂ ಮೇಲೆ ಬಂದರು. ಹಾಗೆ ಬಾರದ ರಾತ್ರಿಗಳೂ ನಮ್ಮ ಊರಿಗೆ ಇದ್ದವು, ಅವನ್ನು ನಾನು ಬೆಂಕಿಯ ಮುಂದೆ ಹೇಳುವುದಿಲ್ಲ.

ಬೆಳಗಿನ ಜಾವ ಅಪ್ಪ ವಾಪಸ್ಸು ಬಂದು ಯಂತ್ರದ ಮುಂದೆ ಸ್ಟೂಲ್ ಎಳೆದುಕೊಂಡು ಕೂತರು. ಕಾಫಿ ಕೊಟ್ಟೆ. ತೂಕದ ಗುಂಡು ನೇರವಾಗಿ, ಅಲುಗದೆ ತೂಗುತ್ತಿತ್ತು. ಆಗ ಅಪ್ಪ ಒಂದು ಹಳೆಯ ಸಂಗತಿ ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನ ಆಳಕ್ಕೆ ವಿಜ್ಞಾನಿಗಳು ಪೆಟ್ಟಿಗೆ ಪೆಟ್ಟಿಗೆ ಸಾಮಾನು ಇಳಿಸುತ್ತಿದ್ದರಂತೆ. ಬೊಂಬಾಯಿಯ ಟಾಟಾ ಸಂಸ್ಥೆಯವರು, ಜಪಾನ್ ಮತ್ತು ಇಂಗ್ಲೆಂಡಿನವರು. ಸುಮಾರು 2.3 ಕಿಲೋಮೀಟರ್ ಬಂಡೆಯ ಕೆಳಗೆ, ಬೇರೆ ಕಣಗಳು ತಲುಪುವುದೇ ಅಪರೂಪವಾದ ಕಡೆ, ಪೆಟ್ಟಿಗೆಗಳನ್ನು ಇಟ್ಟು ತಿಂಗಳುಗಟ್ಟಲೆ ಕಾದರು. 1965ರಲ್ಲಿ ಆಕಾಶದ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಗುರುತು ಬಿಟ್ಟದ್ದನ್ನು ಹಿಡಿದರು, ಲೋಕದಲ್ಲೇ ಮೊದಲ ಕೆಲವರಲ್ಲಿ ಅವರೂ ಸೇರಿದರು. ಅಪ್ಪನಿಗೆ ನ್ಯೂಟ್ರಿನೋ ಅಂದರೆ ಏನೆಂದು ಪೂರ್ತಿ ತಿಳಿದಿರಲಿಲ್ಲ. ಕಾಯುವುದು ಏನೆಂದು ತಿಳಿದಿತ್ತು.

"ಅವರೂ ಹೀಗೇ," ಅಂದರು ಅಪ್ಪ. "ಪೆಟ್ಟಿಗೆ ಇಟ್ಟು ಗಂಟೆ ಹೊಡೆಯೋದನ್ನ ಕಾಯ್ತಿದ್ರು. ನಾನೂ ಅದೇ ಮಾಡ್ಕೊಂಡು ಬಂದೆ ಇಷ್ಟು ವರ್ಷ." ಸ್ವಲ್ಪ ಹೊತ್ತು ಬಿಟ್ಟು, "ಆ ಸೆಲ್ಲು ರಾತ್ರಿ ತೆಗೀಬೇಡ. ಇರಲಿ," ಅಂದರು.

ಆಮೇಲೆ ಟಾರ್ಚ್ ಸೆಲ್ ಬದಲಿಸುವ ಕೆಲಸ ಅಪ್ಪನದಾಯಿತು. ಯಂತ್ರದ ಹಲಗೆ ಸವೆಯಿತು, ನಾನು ಓದಲು ಹೋದೆ, ಆಡುವ ಹುಡುಗರು ದೊಡ್ಡವರಾದರು. ಸೆಲ್ ಮಾತ್ರ ಹೊಸದಾಗಿಯೇ ಇರುತ್ತಿತ್ತು. ರಿಟೈರಾದ ಮೇಲೂ ನಿಲ್ಲಿಸಲಿಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ನೂರಿಪ್ಪತ್ತು ವರ್ಷ ಊರನ್ನು ಸಾಕಿದ ಚಕ್ರಗಳು ನಿಂತವು. ಕೆಲಸಕ್ಕೆಂದು ಊರೇ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರುವಂತಾಯಿತು. ಗಣಿ ಮುಚ್ಚಿದ ಮೇಲೆ ಮನೆಗೆ ಬಂದಾಗ ನೋಡಿದೆ, ಅಪ್ಪ ಯಂತ್ರದಿಂದ ಸೆಲ್ಲುಗಳನ್ನು ತೆಗೆದು ಕಿಟಕಿಯ ಮೇಲೆ ಇಟ್ಟಿದ್ದರು. ಯಾಕೆಂದು ನಾನು ಕೇಳಲಿಲ್ಲ. ಪೆಟ್ಟಿಗೆಯನ್ನು ಇಬ್ಬರೂ ಸೇರಿ ಅಟ್ಟಕ್ಕೆ ಏರಿಸಿದೆವು. ಅಪ್ಪ ಹೋಗಿ ಈಗ ಒಂಬತ್ತು ವರ್ಷ.

ಇಷ್ಟು ಕೇಳಿದ ಮೇಲೆ ತಂಗಿಯ ಮಗ ಸುಮ್ಮನೆ ಕೂರಲಿಲ್ಲ. ಟಾರ್ಚ್ ಹಿಡಿದು ಅಟ್ಟ ಹತ್ತಿದ. ಪೆಟ್ಟಿಗೆ ಇಳಿಸಿ, ಗೋಣಿ ತೆಗೆದು, ಇಟ್ಟಿಗೆ ಹುಡುಕಿ ತಲೆಯ ಕೆಳಗೆ ಅಡ್ಡ ನಿಲ್ಲಿಸಿದೆವು. ಪಾಯಿಂಟ್ ಸೆಟ್ಟಿಗೆ ತುಕ್ಕು ಹಿಡಿದಿತ್ತು, ಉಪ್ಪುಕಾಗದದಲ್ಲಿ ಉಜ್ಜಿದೆ. ಟ್ರಾನ್ಸ್‌ಫಾರ್ಮರ್ ಗುಂಯ್ ಎಂದಿತು. ಬಲಗಡೆಯ ಫ್ಲಿಪರ್ ಒಂದೇ ಏಟಿಗೆ ಎದ್ದಿತು, ಎದ್ದು ಹಿಡಿದು ನಿಂತಿತು, ನಾನು ಇಪ್ಪತ್ತು ಎಣಿಸಿದೆ, ಮೂವತ್ತು ಎಣಿಸಿದೆ, ಬಿಸಿಯೇ ಆಗಲಿಲ್ಲ. ಎಡಗಡೆಯದು ಹೊಡೆಯುತ್ತದೆ, ಹಿಡಿಯುವುದಿಲ್ಲ. ತೆಳು ಸುತ್ತು ಎಲ್ಲೋ ತುಂಡಾಗಿದೆ.

ತಂಗಿ ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಹುಣಸೆ ಬೀಜ ತಂದಳು. ಹುಡುಗ ಬರೀ ಬಲಗೈಯಿಂದಲೇ ಆಡಿದ. ಬಂಗಾರಪೇಟೆಯ ಅಂಗಡಿಯನ್ನು ಈಗ ಮೇಸ್ತ್ರಿಯ ಮಗ ನೋಡಿಕೊಳ್ಳುತ್ತಾನೆ. ಫೋನ್ ಮಾಡಿದ್ದೆ, ತಂತಿ ತೆಗೆದಿಟ್ಟಿರುತ್ತೇನೆ ಅಂದ. ಭಾನುವಾರ ಬೆಳಗಿನ ರೈಲಿಗೆ ಹೋಗುತ್ತೇವೆ, ಹುಡುಗನೂ ಬರುತ್ತಾನೆ. ಬರುವಾಗ ಎರಡು ಟಾರ್ಚ್ ಸೆಲ್ ತರಬೇಕು.